ಇಂಗ್ಲಿಷ್ ಕಲಿಯುವವರು ಮೊಬೈಲಿನಲ್ಲಿ ಎರಡನೇ ಪುಟ ದಾಟುವುದಿಲ್ಲ, ಏನು ಮಾಡೋಣ?

ಡೊಂಬಿವಲಿ ಭಾನುವಾರ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಭಾನುವಾರ ಬೆಳಿಗ್ಗೆ ನಮ್ಮ ಕನ್ನಡದವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಫೀಸು ಗೀಸು ಏನೂ ಇಲ್ಲ. ಬರುವವರು ಮೂರು ಥರ. ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸು ಮುಗಿಸಿ ಈಗ ಇಂಗ್ಲಿಷಿನಲ್ಲಿ ಕಾಮರ್ಸ್ ಓದುತ್ತಿರುವ ಹುಡುಗ ಹುಡುಗಿಯರು. ಹೋಟೆಲು, ಕ್ಯಾಂಟೀನುಗಳ ಕೆಲಸದವರು. ಮತ್ತೆ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕಿರುವ ಅಮ್ಮಂದಿರು.

ಮಾತಿನ ಚಿಂತೆ ನನಗಿಲ್ಲ. ಮಾತನ್ನು ಮುಂಬಯಿಯೇ ಹೇಗೋ ಕಲಿಸುತ್ತದೆ. ತಲೆನೋವು ಓದಿನದ್ದು. ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸುತ್ತೇನೆ, ನೀಲಿ ಟಿಕ್ ಬರುತ್ತದೆ, ಅಷ್ಟೇ. ಕೇಳಿದರೆ "ತೆರೆದೆ ಸರ್, ಆಮೇಲೆ ರೀಲ್ಸ್ ನೋಡುತ್ತಾ ಕೂತೆ" ಎನ್ನುತ್ತಾರೆ. ಪಾಪ, ಸುಳ್ಳು ಕೂಡ ಹೇಳುವುದಿಲ್ಲ.

"ಪುಸ್ತಕ ಕೊಡಿಸಿ" ಎನ್ನುವ ಸಲಹೆ ದಯವಿಟ್ಟು ಬೇಡ. ಒಂದೇ ಖೋಲಿಯಲ್ಲಿ ಐದಾರು ಜನ ಮಲಗುವವರು ಇದ್ದಾರೆ. ಅಲ್ಲಿ ರಾತ್ರಿ ದೀಪ ಹಾಕಲೂ ಆಗುವುದಿಲ್ಲ. ಓದಲು ಸಿಗುವ ಹೊತ್ತು ಎಂದರೆ ಲೋಕಲ್ ರೈಲಿನಲ್ಲಿ, ಅದೂ ನಿಂತುಕೊಂಡು, ಒಂದು ಕೈ ಮೇಲಿನ ಹಿಡಿಕೆಗೆ, ಇನ್ನೊಂದು ಕೈ ಫೋನಿಗೆ. ಹಾಗಾಗಿ ಓದು ಫೋನಿನಲ್ಲೇ ಆಗಬೇಕು. ನೀವೆಲ್ಲ ಏನು ಮಾಡುತ್ತೀರಿ?

ಥಾಣೆ ಟೆಕ್ಕಿ:

ಅಣ್ಣಾ, ಮೊದಲು ಆ ಪಿಡಿಎಫ್ ಕಳಿಸುವುದನ್ನು ನಿಲ್ಲಿಸಿ. ಎ4 ಕಾಗದಕ್ಕೆ ಅಂತ ಜೋಡಿಸಿದ ಪುಟವನ್ನು ಆರು ಇಂಚಿನ ಪರದೆಗೆ ತುರುಕಿದರೆ ಅಕ್ಷರ ಕಾಣುವುದೇ ಇಲ್ಲ. ಹಿಗ್ಗಿಸಿದರೆ ಸಾಲಿನ ತುದಿ ಹೊರಗೆ ಹೋಗುತ್ತದೆ. ಒಂದೊಂದು ಸಾಲಿಗೂ ಎಡಕ್ಕೆ ಬಲಕ್ಕೆ ಎಳೆಯಬೇಕು. ಗರ್ದಿಯಲ್ಲಿ ಒಂದೇ ಕೈಯಲ್ಲಿ ಅದು ಆಗುವ ಮಾತೇ? ಇಂಗ್ಲಿಷ್ ಚೆನ್ನಾಗಿ ಬರುವವರೇ ಬೇಸತ್ತು ಬಿಡುತ್ತಾರೆ.

ಇಪಬ್ ಅಂತ ಇನ್ನೊಂದು ಬಗೆಯ ಫೈಲ್ ಇದೆ. ಅದರಲ್ಲಿ ಅಕ್ಷರ ಎಷ್ಟು ದೊಡ್ಡದು ಮಾಡಿದರೂ ಸಾಲು ತಾನಾಗಿ ಮುರಿದು ಪರದೆಯೊಳಗೇ ಕೂರುತ್ತದೆ. ಗೂಗಲ್ ಪ್ಲೇ ಬುಕ್ಸ್, ರೀಡ್‌ಎರಾ ಎರಡೂ ಆ್ಯಪಿನಲ್ಲಿ ತೆರೆಯುತ್ತದೆ. ಅಕ್ಷರ ದೊಡ್ಡದು ಮಾಡಿ, ಸಾಲುಗಳ ನಡುವೆ ಸ್ವಲ್ಪ ಜಾಗ ಜಾಸ್ತಿ ಕೊಡಿ. ಮನೆಯಿಂದ ಹೊರಡುವ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಲಿ. ನಡುವೆ ನೆಟ್ ಹೋಗಿ ಚಕ್ರ ತಿರುಗಲು ಶುರುವಾಯಿತೋ, ಹುಡುಗ ಬೇರೆ ಆ್ಯಪಿಗೆ ಹಾರಿದ ಅಂತಲೇ ಲೆಕ್ಕ.

ರೀಲ್ಸಿಗೂ ಒಂದು ಉಪಾಯ ಇದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸಿನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಒಳಗೆ ಫೋಕಸ್ ಮೋಡ್ ಅಂತ ಇರುತ್ತದೆ. ಯಾವ ಆ್ಯಪ್ ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಬೇಕು ಅಂತ ಅಲ್ಲಿ ಹೇಳಬಹುದು. ಲೋಕಲ್ ಹಿಡಿಯುವ ಹೊತ್ತಿಗೆ ಸರಿಯಾಗಿ ಹಾಕಿಬಿಡಿ.

ಮಾಟುಂಗಾ ಹಳೇಮನುಷ್ಯ:

ನಾವು ಮುಂಬಯಿಯ ಫೋರ್ಟಿನಲ್ಲಿ ಹಗಲೆಲ್ಲ ಹೋಟೆಲ್ ಕೆಲಸ ಮಾಡಿ ರಾತ್ರಿ ಶಾಲೆಯಲ್ಲಿ ಕಲಿತವರು. ಗಲ್ಲಾದ ಪಕ್ಕ ಬಿದ್ದಿರುತ್ತಿದ್ದ ಇಂಗ್ಲಿಷ್ ಪೇಪರನ್ನು ಗಿರಾಕಿ ಎದ್ದುಹೋದ ಮೇಲೆ ಓದುತ್ತಿದ್ದೆವು. ಫೋನಿನಲ್ಲಿ ಓದಿದ್ದು ತಲೆಗೆ ಹತ್ತುವುದಿಲ್ಲ ಮಾರಾಯ್ರೇ. ಬೆರಳು ಜಾರಿದ ಹಾಗೆ ಕಣ್ಣೂ ಜಾರುತ್ತದೆ. ಕಾಗದದಲ್ಲಿ ಓದಿಸಿ, ತಾನಾಗಿ ಕೂತು ಓದುತ್ತಾರೆ.

ಕೋಥ್ರೂಡ್ ಮೇಡಂ:

ನಮಸ್ಕಾರ, ನಾನು ಪುಣೆಯಲ್ಲಿ ಕಾಲೇಜು ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಹಿರಿಯರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. 2000ದಿಂದ 2017ರವರೆಗೆ ನಡೆದ 54 ಅಧ್ಯಯನಗಳನ್ನು ಡೆಲ್ಗಾಡೊ ಮತ್ತು ಜೊತೆಗಾರರು ಒಟ್ಟಿಗೆ ಇಟ್ಟು ನೋಡಿ 2018ರಲ್ಲಿ ಬರೆದರು. ಒಟ್ಟಾರೆ ಕಾಗದದಲ್ಲಿ ಓದಿದವರಿಗೇ ಹೆಚ್ಚು ಅರ್ಥವಾಗಿತ್ತು. ಆದರೆ ಆ ವ್ಯತ್ಯಾಸ ಕಂಡದ್ದು ಮಾಹಿತಿಯ ಬರಹಗಳಲ್ಲಿ, ಇಂತಿಷ್ಟೇ ಹೊತ್ತಿನಲ್ಲಿ ಮುಗಿಸಬೇಕು ಎನ್ನುವ ಒತ್ತಡ ಇದ್ದಾಗ ಇನ್ನೂ ಜಾಸ್ತಿ. ಬರೀ ಕಥೆ ಓದುವಾಗ ಕಾಗದ, ಪರದೆ ಎರಡೂ ಒಂದೇ.

ನಾನು ಅದನ್ನೇ ಹಿಡಿದುಕೊಂಡಿದ್ದೇನೆ. ಕಥೆ, ಹರಟೆ, ಸುಮ್ನೆ ಓದುವಂಥದ್ದು ಫೋನಿನಲ್ಲಿ. ಪರೀಕ್ಷೆಯ ಪಾಠ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಪೆನ್ಸಿಲ್ ಹಿಡಿದು.

ಆದರೆ ಭಾನುವಾರದ ಸರ್, ನಿಮ್ಮ ಹುಡುಗರು ಬಿಟ್ಟು ಹೋಗುವುದಕ್ಕೆ ಫೋನು ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ನೀವು ಕಳಿಸುವುದು ಅವರಿಗೆ ಕಷ್ಟವಾಗುತ್ತಿದೆ. ಹೂ ಮತ್ತು ನೇಷನ್ ಎಂಬ ಇಬ್ಬರು 2000ದಲ್ಲಿ ಒಂದು ಪರೀಕ್ಷೆ ಮಾಡಿದ್ದರು. ಕಥೆಯಲ್ಲಿ ಗೊತ್ತಿಲ್ಲದ ಪದಗಳು ಎಷ್ಟಿದ್ದರೆ ಓದು ನಿಲ್ಲುತ್ತದೆ ಅಂತ. ನೂರಕ್ಕೆ 80 ಪದ ಗೊತ್ತಿದ್ದವರಲ್ಲಿ ಒಬ್ಬರಿಗೂ ಕಥೆ ಸರಿಯಾಗಿ ಅರ್ಥವಾಗಲಿಲ್ಲ. ಯಾರ ಸಹಾಯವೂ ಇಲ್ಲದೆ ಹಾಯಾಗಿ ಓದಿಕೊಂಡು ಹೋಗಲು ನೂರಕ್ಕೆ 98 ಪದ ಗೊತ್ತಿರಬೇಕು ಎಂದು ಅವರು ಲೆಕ್ಕ ಹಾಕಿದರು.

ಇದನ್ನು ಫೋನಿಗೆ ಹೊಂದಿಸಿ ನೋಡಿ. ಅಕ್ಷರ ಸ್ವಲ್ಪ ದೊಡ್ಡದು ಮಾಡಿದರೆ ಒಂದು ಪರದೆಗೆ ಹೆಚ್ಚುಕಡಿಮೆ 100 ಪದ ಬರುತ್ತದೆ. ಅಂದರೆ ಒಂದು ಪರದೆಗೆ ಗೊತ್ತಿಲ್ಲದ ಪದ ಎರಡೇ ಇರಬೇಕು. ಮೂರಾದರೆ ನಡೆದೀತು. ಹತ್ತಾದರೆ ರೀಲ್ಸ್ ಗೆಲ್ಲುತ್ತದೆ, ಯಾವ ಫೋಕಸ್ ಮೋಡೂ ಕೆಲಸಕ್ಕೆ ಬರುವುದಿಲ್ಲ.

ಡೊಂಬಿವಲಿ ಭಾನುವಾರ:

ಮೇಡಂ, ಎರಡೇ ಪದ ಅಂದರೆ ಅದು ಒಂದನೇ ಕ್ಲಾಸಿನ ಪಾಠವಾಗಿಬಿಡುವುದಿಲ್ಲವೇ? ಮೀಸೆ ಬಂದ ಹುಡುಗರ ಕೈಗೆ ನರಿ, ದ್ರಾಕ್ಷಿ ಕೊಟ್ಟರೆ ನಗುತ್ತಾರೆ.

ಕೋಥ್ರೂಡ್ ಮೇಡಂ:

ನರಿ ದ್ರಾಕ್ಷಿ ಕೊಡಬೇಡಿ ಸರ್. ದೊಡ್ಡವರಿಗೆ ಅಂತಲೇ ಸುಲಭ ಮಾಡಿ ಬರೆದ ಪುಸ್ತಕಗಳಿವೆ. ಆಕ್ಸ್‌ಫರ್ಡಿನವರ ಬುಕ್‌ವರ್ಮ್ಸ್ ಸಾಲನ್ನೇ ನೋಡಿ. ಶುರುವಿನ ಮಟ್ಟಕ್ಕೆ 250 ಮೂಲ ಪದ, ಒಂದನೇ ಹಂತಕ್ಕೆ 400, ಎರಡಕ್ಕೆ 700, ಮೂರಕ್ಕೆ 1000. ಆರನೇ ಹಂತಕ್ಕೆ ಬರುವಾಗ 2500. ಕೊಲೆ, ಪ್ರೀತಿ, ದೆವ್ವ ಎಲ್ಲ ಇದೆ, ಭಾಷೆ ಮಾತ್ರ ಹಗುರ. ದುಡ್ಡು ಕೊಡುವುದು ಬೇಡ ಎಂದರೆ ಸಿಂಪಲ್ ಇಂಗ್ಲಿಷ್ ವಿಕಿಪೀಡಿಯ ಇದೆ. ಕ್ರಿಕೆಟ್ ಹುಚ್ಚು ಇದ್ದವನಿಗೆ ಅಲ್ಲಿ ಕ್ರಿಕೆಟಿನ ಪುಟ ಕೊಡಿ.

ಮಟ್ಟ ನೋಡುವುದು ಸುಲಭ. ಯಾವುದೋ ಒಂದು ಪರದೆ ತೆರೆಸಿ, ಗೊತ್ತಿಲ್ಲದ ಪದಕ್ಕೆ ಒಂದೊಂದು ಬೆರಳು ಮಡಚಲು ಹೇಳಿ. ಕೈ ಮುಷ್ಟಿಯಾಯಿತು ಅಂದರೆ ಆ ಪುಸ್ತಕ ಈಗ ಬೇಡ. ಇದಕ್ಕೆ ನಾಚಿಕೆ ಪಡಬೇಕಾಗಿಲ್ಲ ಅಂತ ಮೊದಲೇ ಹೇಳಿಬಿಡಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಈ ನಾಚಿಕೆ ಜಾಸ್ತಿ. ಪಕ್ಕದವನು ದಪ್ಪ ಕಾದಂಬರಿ ಹಿಡಿದಿದ್ದಾನೆ ಅಂತ ತಾವೂ ಅದನ್ನೇ ಹಿಡಿಯುತ್ತಾರೆ.

ಬೈನಾ ಬಸು:

ವಾಸ್ಕೋದಿಂದ ಬರೆಯುತ್ತಿದ್ದೇನ್ರೀ. ನಮ್ಮ ಕಡೆಯವರು, ಗದಗ, ಬಾಗಲಕೋಟೆ, ವಿಜಯಪುರದವರು, ಇಲ್ಲಿ ಗೋವಾದಾಗ ರಿಸಾರ್ಟು, ಹೋಟೆಲುಗಳಲ್ಲಿ ಬಹಳ ಜನ ಇದ್ದಾರೆ. ಕಥೆ ಗಿಥೆ ಕೊಟ್ಟರೆ "ಇದನ್ನ ಓದಿ ನನಗೇನು ಸಿಗತೈತಿ" ಅಂತ ಕೇಳುತ್ತಾರೆ. ಪ್ರಶ್ನೆ ಖರೇನೇ ಐತಲ್ರೀ.

ನಾನು ಒಂದು ಬೇರೆ ದಾರಿ ಹಿಡಿದೆ. ಗೂಗಲ್ ಮ್ಯಾಪಿನಲ್ಲಿ ಅವರವರ ಹೋಟೆಲಿನ ಹೆಸರು ಹಾಕಿಸಿ, ಕೆಳಗೆ ಗಿರಾಕಿಗಳು ಬರೆದ ರಿವ್ಯೂ ಓದಲು ಹೇಳಿದೆ. ಅಬ್ಬಾ, ಏನು ಓದುತ್ತಾರೆ ಅಂತೀರಿ! ರೂಮಿನಲ್ಲಿ ಟವೆಲ್ ಒದ್ದೆ ಇತ್ತು ಎಂದು ಯಾರೋ ಬರೆದಿದ್ದರೆ, ಅವತ್ತು ಡ್ಯೂಟಿ ಯಾರದ್ದಿತ್ತು ಅಂತ ಜಗಳವೇ ಶುರು. ಒಂದು ರಿವ್ಯೂ ಎಂದರೆ ನಾಲ್ಕೈದು ಸಾಲು. ವಾಕ್ಯ ಚಿಕ್ಕದು. ಟವೆಲ್, ಸರ್ವಿಸ್, ಕ್ಲೀನ್, ಲೇಟ್, ಸ್ಟಾಫ್, ಇವೇ ಪದ ತಿರುಗಿ ತಿರುಗಿ ಬರುತ್ತವೆ. ಅರ್ಧ ಪದ ಅವರಿಗೆ ಕೆಲಸದಲ್ಲೇ ಗೊತ್ತು. ಮೇಡಂ ಹೇಳಿದ ಎರಡು ಪದದ ಲೆಕ್ಕಕ್ಕೂ ಕೂರುತ್ತದೆ ನೋಡ್ರಿ.

ಮಾಟುಂಗಾ ಹಳೇಮನುಷ್ಯ:

ಅಲ್ಲ, ಆ ರಿವ್ಯೂ ಬರೆಯುವವರಿಗೇ ಇಂಗ್ಲಿಷ್ ಬರುವುದಿಲ್ಲ. ಅದನ್ನು ಓದಿ ಇವರು ಕಲಿಯುವುದೇನು? ತಪ್ಪು ಸ್ಪೆಲ್ಲಿಂಗ್, ತಪ್ಪು ವ್ಯಾಕರಣ.

ಕೋಥ್ರೂಡ್ ಮೇಡಂ:

ಅದಕ್ಕೆ ನಾನು ಅಷ್ಟು ಹೆದರುವುದಿಲ್ಲ ಸರ್. ಬರೆಯಲು ಕಲಿಸುವಾಗ ಬೇರೆ ಮಾದರಿ ಕೊಡೋಣ. ಈಗ ಬೇಕಾಗಿರುವುದು ಕಣ್ಣು ಇಂಗ್ಲಿಷ್ ಸಾಲಿನ ಮೇಲೆ ನಿಲ್ಲುವ ಅಭ್ಯಾಸ. ತನ್ನ ಬಗ್ಗೆ ಯಾರೋ ಏನೋ ಬರೆದಿದ್ದಾರೆ ಎಂದರೆ ನಾವು ನೀವೂ ಬಿಡದೆ ಓದುತ್ತೇವೆ ಅಲ್ವಾ? ಬಸು ಅವರೇ, ಒಂದೇ ಮಾತು. ಬೈಗುಳ ಇರುವ ರಿವ್ಯೂ ನೀವೇ ಮೊದಲು ನೋಡಿ ಬೇರೆ ಇಡಿ. ಜಾತಿ, ಊರು ಹಿಡಿದು ಬರೆಯುವವರೂ ಇರುತ್ತಾರೆ.

ಐರೋಲಿ ಅಮ್ಮ:

ನಾನೇ ಕಲಿಯುತ್ತಿರುವವಳು, ಅದಕ್ಕೆ ಬರೆಯೋಣ ಅನ್ನಿಸಿತು. ನಮ್ಮನ್ನು ಏನು ಓದಬೇಕು ಅಂತ ಯಾರೂ ಕೇಳುವುದೇ ಇಲ್ಲ. ನನಗೆ ಬೇಕಾಗಿದ್ದು ಮಗಳ ಶಾಲೆಯಿಂದ ಬರುವ ಮೆಸೇಜು, ಸೊಸೈಟಿಯ ನೋಟಿಸು, ಮಾತ್ರೆಯ ಚೀಟಿ. ಇವು ಮೂರೂ ಇಂಗ್ಲಿಷಿನಲ್ಲೇ ಬರುತ್ತವೆ. ಅವನ್ನು ಬಿಟ್ಟು ಲಂಡನ್ನಿನ ಮಳೆಯ ಬಗ್ಗೆ ಪಾಠ ಕೊಡುತ್ತಾರೆ.

ನನಗೆ ಹಿಡಿಸಿದ್ದು ಪ್ರಥಮ್ ಬುಕ್ಸಿನವರ ಸ್ಟೋರಿವೀವರ್ ವೆಬ್‌ಸೈಟು. 2015ರಿಂದ ಇದೆ, ದುಡ್ಡಿಲ್ಲ. ಮಕ್ಕಳ ಕಥೆಗಳೇ, ಒಂದರಿಂದ ನಾಲ್ಕರ ತನಕ ಮಟ್ಟ ಹಾಕಿದ್ದಾರೆ. ಎಷ್ಟೋ ಕಥೆ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ನಾನು ಮೊದಲು ಕನ್ನಡದಲ್ಲಿ ಮಗಳಿಗೆ ಓದಿ ಹೇಳುತ್ತೇನೆ, ಆಮೇಲೆ ಅದೇ ಕಥೆ ಇಂಗ್ಲಿಷಿನಲ್ಲಿ ಅವಳು ನನಗೆ. ಕಥೆ ಮೊದಲೇ ಗೊತ್ತಿರುವುದರಿಂದ ಹೆದರಿಕೆ ಇಲ್ಲ. ಮಕ್ಕಳ ಕಥೆ ಅಂತ ನಾಚಿಕೆಯೂ ಇಲ್ಲ, ಮಗುವಿಗೆ ಓದುತ್ತಿದ್ದೇನೆ ಅಂತ ನೆಪ ಇದೆಯಲ್ಲ!

ಇನ್ನೊಂದು, ಕೇಳಿಕೊಂಡು ಓದುವುದು. ಬಿಬಿಸಿಯ ಸಿಕ್ಸ್ ಮಿನಿಟ್ ಇಂಗ್ಲಿಷ್ ಇದೆ, ಮಾತಾಡಿದ್ದೆಲ್ಲ ಬರಹದಲ್ಲೂ ಕೊಟ್ಟಿರುತ್ತಾರೆ. ಕಿವಿಗೆ ಇಯರ್‌ಫೋನ್ ಹಾಕಿ, ಕಣ್ಣಿನಲ್ಲಿ ಸಾಲು ಹಿಡಿದರೆ ನಡುವೆ ನಿಲ್ಲುವ ಹಾಗಿಲ್ಲ. ಧ್ವನಿ ಮುಂದೆ ಎಳೆದುಕೊಂಡು ಹೋಗುತ್ತದೆ. ನನಗೆ ಮೊದಲು ವೇಗ ಜಾಸ್ತಿ ಅನ್ನಿಸಿತು, ನಿಧಾನ ಮಾಡಿಕೊಂಡೆ.

ಡೊಂಬಿವಲಿ ಭಾನುವಾರ:

ಅಕ್ಕಾ, ಬಹಳ ಉಪಕಾರವಾಯಿತು. ನನ್ನ ಅಮ್ಮಂದಿರ ಗುಂಪಿಗೆ ಇದನ್ನೇ ಹೇಳುತ್ತೇನೆ. ಇನ್ನೊಂದು ಕಾಟ ಇದೆ. ಹುಡುಗರು ಇಂಗ್ಲಿಷ್ ಪುಟ ತೆರೆದ ಕೂಡಲೇ ಕ್ರೋಮ್ ಕೆಳಗಿನಿಂದ "ಕನ್ನಡಕ್ಕೆ ಅನುವಾದಿಸಲೇ" ಎನ್ನುತ್ತದೆ. ಒಂದು ಸಲ ಒತ್ತಿದರೆ ಇಡೀ ಪುಟ ಕನ್ನಡ. ಓದಿ ಮುಗಿಸಿದೆ ಸರ್ ಅಂತ ಖುಷಿಯಿಂದ ಹೇಳುತ್ತಾರೆ!

ಥಾಣೆ ಟೆಕ್ಕಿ:

ಹ್ಹಹ್ಹ, ಹುಡುಗರು ಚುರುಕಾಗಿದ್ದಾರೆ. ಕ್ರೋಮಿನ ಸೆಟ್ಟಿಂಗ್ಸಿನಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ, ಅನುವಾದ ಮಾಡಲೇ ಅಂತ ಕೇಳುವುದನ್ನು ಆಫ್ ಮಾಡಿಬಿಡಿ. ಒಂದು ಪದಕ್ಕೆ ಮಾತ್ರ ಅರ್ಥ ಬೇಕಾದರೆ ಪ್ಲೇ ಬುಕ್ಸಿನಲ್ಲಿ ಆ ಪದದ ಮೇಲೆ ಬೆರಳು ಒತ್ತಿ ಹಿಡಿದರೆ ಸಾಕು.

ಕೋಥ್ರೂಡ್ ಮೇಡಂ:

ಆ ಒತ್ತಿ ಹಿಡಿಯುವುದಕ್ಕೂ ಒಂದು ಮಿತಿ ಇರಲಿ. ಪದ ಪದಕ್ಕೂ ಒತ್ತುತ್ತಾ ಹೋದರೆ ಕಥೆಯ ಎಳೆ ಕೈತಪ್ಪುತ್ತದೆ. ಪ್ಯಾರಾ ಪೂರ್ತಿ ಒಮ್ಮೆ ಓದಲಿ. ಆಮೇಲೆ, ಯಾವ ಪದ ಎರಡನೇ ಸಲ ಕಣ್ಣಿಗೆ ಬಿತ್ತೋ ಅದನ್ನು ಮಾತ್ರ ಒತ್ತಲಿ. ಒಂದೇ ಸಲ ಬಂದು ಹೋಗುವ ಪದಕ್ಕೆ ಅಷ್ಟು ಮರ್ಯಾದೆ ಬೇಡ.

ಫೋರ್ಟ್ ಕ್ಯಾಂಟೀನ್:

ನಾನು ಭಾನುವಾರದ ಸರ್ ಹತ್ತಿರ ಬರುವವನು. ಇಲ್ಲಿ ನಮ್ಮ ಬಗ್ಗೆಯೇ ಮಾತು ನಡೆಯುತ್ತಿದೆ ಅಂತ ಗೊತ್ತಾಯಿತು.

ಸರ್ ಹೇಳಿದ ಮೇಲೆ ನಮ್ಮ ಹೋಟೆಲಿನ ರಿವ್ಯೂ ನೋಡಿದೆ. ಸಾಂಬಾರು ಸಿಹಿ ಎಂದು ಒಬ್ಬರು ಒಂದೇ ಸ್ಟಾರ್ ಕೊಟ್ಟಿದ್ದಾರೆ. ಇನ್ನೊಬ್ಬರು ಅದೇ ಸಾಂಬಾರಿಗೆ ಐದು ಸ್ಟಾರ್ ಕೊಟ್ಟು ಊರಿನ ನೆನಪಾಯಿತು ಎಂದು ಬರೆದಿದ್ದಾರೆ. ರಾತ್ರಿ ನಮ್ಮ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಭಟ್ರಿಗೆ ಮಾತ್ರ ಒಂದು ಸ್ಟಾರಿನದ್ದು ಹೇಳಲಿಲ್ಲ.

ನನಗೆ ಕಷ್ಟ ಆಗುವುದು ಪದ ಅಲ್ಲ, ಉದ್ದ ವಾಕ್ಯ. ನಾಲ್ಕು ಸಾಲು ಹೋದರೂ ಚುಕ್ಕಿ ಬರುವುದಿಲ್ಲ. ಕೊನೆಗೆ ಬರುವ ಹೊತ್ತಿಗೆ ಮೊದಲು ಏನಿತ್ತು ಅಂತ ಮರೆತುಹೋಗುತ್ತದೆ. ಫೋನಿನಲ್ಲಿ ಮೇಲೆ ಸರಿಸಿದರೆ ಮೊದಲಿನ ಸಾಲು ಕಾಣುವುದೂ ಇಲ್ಲ. ಇದಕ್ಕೆ ಏನು ಮಾಡಬೇಕು ಮೇಡಂ?

ಮತ್ತೆ ಒಂದು ಆ್ಯಪ್ ಹಾಕಿಕೊಂಡಿದ್ದೆ, ದಿನಾ ತೆರೆದರೆ ಬೆಂಕಿಯ ಗುರುತು ಕೊಡುತ್ತದೆ. ಅದು ತಪ್ಪಬಾರದು ಅಂತ ರಾತ್ರಿ ಹನ್ನೆರಡಕ್ಕೆ ಐದು ನಿಮಿಷ ಮುಂಚೆ ತೆರೆದು, ನಾಲ್ಕು ಪದ ಒತ್ತಿ ಮಲಗುತ್ತಿದ್ದೆ. ಗುರುತು ಉಳಿಯಿತು, ಇಂಗ್ಲಿಷ್ ಬರಲಿಲ್ಲ. ಆಮೇಲೆ ದುಡ್ಡು ಕೇಳಲು ಶುರು ಮಾಡಿತು, ತೆಗೆದುಹಾಕಿದೆ.

ಕೋಥ್ರೂಡ್ ಮೇಡಂ:

ತಮ್ಮಾ, ಒಳ್ಳೇ ಪ್ರಶ್ನೆ ಕೇಳಿದೆ. ಉದ್ದ ವಾಕ್ಯ ಸಿಕ್ಕರೆ ಮೊದಲು ಯಾರು, ಆಮೇಲೆ ಏನು ಮಾಡಿದ, ಇವೆರಡನ್ನು ಮಾತ್ರ ಹುಡುಕು. ನಮ್ಮ ಕನ್ನಡದಲ್ಲಿ ಏನು ಮಾಡಿದ ಎನ್ನುವುದು ಕೊನೆಗೆ ಬರುತ್ತದೆ, ಅದಕ್ಕೆ ನೀನು ಕೊನೆಯ ತನಕ ಕಾಯುತ್ತೀಯ. ಇಂಗ್ಲಿಷಿನಲ್ಲಿ ಅದು ಮುಂದೆಯೇ, ಯಾರು ಎನ್ನುವುದರ ಪಕ್ಕದಲ್ಲೇ ಇರುತ್ತದೆ. ಅವೆರಡು ಸಿಕ್ಕಿದ ಮೇಲೆ ಉಳಿದದ್ದೆಲ್ಲ ಎಲ್ಲಿ, ಯಾವಾಗ, ಯಾಕೆ ಎನ್ನುವ ಸೇರಿಕೆ. ಕಾಮಾ ಬಂದಲ್ಲಿ ನಿಂತು ಉಸಿರು ತೆಗೆದುಕೋ. ಮೇಲೆ ಸರಿಸುವ ಬದಲು ಪುಟ ತಿರುಗಿಸುವ ಹಾಗೆ ಆ್ಯಪಿನಲ್ಲಿ ಬದಲಾಯಿಸು. ಆಗ ಸಾಲುಗಳು ಇದ್ದಲ್ಲೇ ಇರುತ್ತವೆ, ಹಿಂದೆ ಹೋಗಿ ನೋಡಲು ಸುಲಭ.

ಬೆಂಕಿಯ ಗುರುತಿನ ಬಗ್ಗೆ ನೀನು ಹೇಳಿದ್ದಕ್ಕೆ ನಾನು ಸೇರಿಸುವುದು ಏನೂ ಇಲ್ಲ.

ವಡಾಲಾ ಮೇಷ್ಟ್ರು:

ತಡವಾಗಿ ಬಂದೆ. ಕನ್ನಡ ಮಾಧ್ಯಮದ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಿಯಾದವನು ನಾನು. ಕಾಲೇಜಿಗೆ ಹೋದ ಮಕ್ಕಳ ಬಗ್ಗೆ ಒಂದು ಮಾತು ಹೇಳಬೇಕು.

ನಮ್ಮ ಮಕ್ಕಳು ಓದುವುದು ಬಾಲಭಾರತಿಯ ಪುಸ್ತಕ. ಪುಣೆಯಲ್ಲಿ 1967ರಲ್ಲಿ ಶುರುವಾದ, ಮಹಾರಾಷ್ಟ್ರದ ಶಾಲಾ ಪುಸ್ತಕ ತರುವ ಸಂಸ್ಥೆ. ಮರಾಠಿ, ಇಂಗ್ಲಿಷ್ ಮಾತ್ರ ಅಲ್ಲ, ಕನ್ನಡ, ಗುಜರಾತಿ, ಉರ್ದು ಅಂತ ಹಲವು ಭಾಷೆಗಳಲ್ಲಿ ಅದೇ ಪುಸ್ತಕ ಬರುತ್ತದೆ. ಪಾಠ ಅದೇ, ಚಿತ್ರ ಅದೇ. ಇಬಾಲಭಾರತಿ ವೆಬ್‌ಸೈಟಿನಲ್ಲಿ ಪುಕ್ಕಟೆ ಇಳಿಸಿಕೊಳ್ಳಬಹುದು. ಹತ್ತನೇ ಕ್ಲಾಸಿನ ವಿಜ್ಞಾನದ ಮೊದಲನೇ ಭಾಗದಲ್ಲಿ ಮೊದಲ ಪಾಠ ಗುರುತ್ವಾಕರ್ಷಣೆ. ಹುಡುಗ ಅದನ್ನು ಕನ್ನಡದಲ್ಲಿ ಓದಿ ಪರೀಕ್ಷೆ ಬರೆದು ಪಾಸಾಗಿದ್ದಾನೆ. ಈಗ ಅದೇ ಪಾಠವನ್ನು ಇಂಗ್ಲಿಷಿನಲ್ಲಿ ತೆರೆಯಲಿ. ಚಿತ್ರ ನೋಡಿದ ಕೂಡಲೇ ಇಲ್ಲಿ ಏನು ಹೇಳಿದ್ದಾರೆ ಅಂತ ಅವನಿಗೆ ಗೊತ್ತು. ಗೊತ್ತಿರುವ ವಿಷಯವನ್ನು ಹೊಸ ಭಾಷೆಯಲ್ಲಿ ಓದುವುದೇ ಬೇರೆ, ಹೊಸ ವಿಷಯವನ್ನೂ ಹೊಸ ಭಾಷೆಯನ್ನೂ ಒಟ್ಟಿಗೆ ತಲೆ ಮೇಲೆ ಹೊರುವುದೇ ಬೇರೆ.

ಹನ್ನೊಂದನೆಯ ಬುಕ್ ಕೀಪಿಂಗಿಗೆ ಕೈಹಾಕುವ ಮೊದಲು ರಜೆಯಲ್ಲಿ ಇದನ್ನು ಮಾಡಿಸಿದರೆ ಒಳ್ಳೆಯದು. ಕಾಮರ್ಸಿಗೆ ಹೋಗುವವರು ಹತ್ತನೆಯ ಭೂಗೋಳ, ಇತಿಹಾಸ ಹಿಡಿಯಲಿ.

ಥಾಣೆ ಟೆಕ್ಕಿ:

ಮೇಷ್ಟ್ರೇ, ಐಡಿಯಾ ಭರ್ಜರಿಯಾಗಿದೆ. ಆದರೆ ಅವು ಪಿಡಿಎಫ್! ನಾನು ಮೊದಲೇ ಬೈದಿದ್ದೇನೆ.

ವಡಾಲಾ ಮೇಷ್ಟ್ರು:

ಗೊತ್ತಪ್ಪಾ. ಫೋನು ಅಡ್ಡ ಹಿಡಿದರೆ ಸಾಲು ಪೂರ್ತಿ ಕಾಣುತ್ತದೆ, ಅಕ್ಷರವೂ ದೊಡ್ಡದಾಗುತ್ತದೆ. ಇದು ಲೋಕಲ್ಲಿನಲ್ಲಿ ನಿಂತು ಓದುವಂಥದ್ದಲ್ಲ, ಒಪ್ಪುತ್ತೇನೆ. ಮೇಡಂ ಹೇಳಿದ ಹಾಗೆ ಒಂದೊಂದು ಪಾಠ ಪ್ರಿಂಟ್ ತೆಗೆಸಿದರೂ ಆಯಿತು. ಕನ್ನಡದ್ದು ಫೋನಿನಲ್ಲಿ, ಇಂಗ್ಲಿಷಿನದ್ದು ಕಾಗದದಲ್ಲಿ, ಪಕ್ಕ ಪಕ್ಕ ಇಟ್ಟುಕೊಳ್ಳಲಿ.

ಡೊಂಬಿವಲಿ ಭಾನುವಾರ:

ಕೆಲವು ವಾರ ಕಳೆದ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಪಿಡಿಎಫ್ ನಿಂತಿದೆ. ಹೋಟೆಲಿನವರಿಗೆ ರಿವ್ಯೂ ಬಹಳ ಚೆನ್ನಾಗಿ ನಡೆಯುತ್ತಿದೆ. ಅಮ್ಮಂದಿರು ಸ್ಟೋರಿವೀವರಿನಲ್ಲಿ ಎರಡನೇ ಮಟ್ಟದಲ್ಲಿದ್ದಾರೆ. ಕಾಲೇಜಿನವರೇ ಸ್ವಲ್ಪ ಕುಂಟುತ್ತಿದ್ದಾರೆ. ಮೇಷ್ಟ್ರ ಪಾಠ ಶುರುವಾಗಿದೆ, ಆದರೆ ಪರೀಕ್ಷೆ ಬಂತು ಎಂದರೆ ಎಲ್ಲ ಬಿಟ್ಟು ಗೈಡು ಹಿಡಿಯುತ್ತಾರೆ. ಕ್ಲಾಸಿನ ಟೆಸ್ಟಿಗೆ ಗೈಡಿನ ಪ್ರಶ್ನೆಗಳೇ ಬರುತ್ತವೆ, ಅವರನ್ನು ಬೈಯುವುದು ಹೇಗೆ?

ಒಂದು ಹೊಸದು ಮಾಡಿದೆವು. ವಾಟ್ಸಾಪ್ ಗುಂಪಿನಲ್ಲಿ ದಿನಾ ರಾತ್ರಿ ಒಬ್ಬರು, ಅವತ್ತು ಓದಿದ್ದು ಏನು ಅಂತ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಹಾಕಬೇಕು. ಕನ್ನಡದಲ್ಲೇ. ತುಳುವಿನಲ್ಲಿ ಹಾಕುವವರೂ ಇದ್ದಾರೆ. ಇಂಗ್ಲಿಷಿನಲ್ಲೇ ಹೇಳಬೇಕು ಅಂತ ಇಟ್ಟಿದ್ದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಈಗ ಒಬ್ಬ ಹೇಳಿದ್ದು ಕೇಳಿ ಇನ್ನೊಬ್ಬ "ಅದನ್ನು ನನಗೂ ಕಳಿಸು" ಎನ್ನುತ್ತಾನೆ.

ಮಾಟುಂಗಾ ಹಳೇಮನುಷ್ಯ:

ಇಂಗ್ಲಿಷ್ ಕ್ಲಾಸಿನಲ್ಲಿ ತುಳು ಮಾತಾಡಿಸಿದರೆ ಇಂಗ್ಲಿಷ್ ಯಾವಾಗ ಬರುವುದು?

ಕೋಥ್ರೂಡ್ ಮೇಡಂ:

ಓದಿದ್ದು ಅರ್ಥವಾಗಿದೆಯೋ ಇಲ್ಲವೋ ಎನ್ನುವುದು ಅವನ ಸ್ವಂತ ಭಾಷೆಯಲ್ಲಿ ಹೇಳಿಸಿದಾಗಲೇ ಸರಿಯಾಗಿ ಗೊತ್ತಾಗುವುದು ಸರ್. ಇಂಗ್ಲಿಷಿನಲ್ಲಿ ಕೇಳಿದರೆ ಪುಸ್ತಕದ ಸಾಲನ್ನೇ ಒಪ್ಪಿಸುತ್ತಾರೆ, ನನ್ನ ಕ್ಲಾಸಿನಲ್ಲಿ ದಿನಾ ನೋಡುತ್ತೇನೆ. ಮಾತಿಗೆ ಬೇರೆ ಹೊತ್ತು ಇಟ್ಟುಕೊಳ್ಳಲಿ.

ಬೈನಾ ಬಸು:

ನಮ್ಮಲ್ಲೂ ವಾಯ್ಸ್ ಮೆಸೇಜ್ ಶುರು ಮಾಡುತ್ತೇವ್ರೀ. ನಮ್ಮಲ್ಲಿ ಒಬ್ಬ ಹುಡುಗ ಓದಿದ ರಿವ್ಯೂಗೆ ಹೋಟೆಲಿನ ಪರವಾಗಿ ಉತ್ತರ ಬರೆದುಕೊಂಡು ಬಂದಿದ್ದ. ಹಾಕಲು ಮ್ಯಾನೇಜರ್ ಬಿಡಲಿಲ್ಲ, ಆದರೆ ತಿದ್ದಿಕೊಟ್ಟರಂತೆ. ಮೇಡಂ, ನಾನು ಒಂದಷ್ಟು ರಿವ್ಯೂ ಆರಿಸಿ ಇಟ್ಟಿದ್ದೇನೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ಗುರುತು ಹಾಕಿ ಕೊಡುತ್ತೀರೇನ್ರಿ?

ಕೋಥ್ರೂಡ್ ಮೇಡಂ:

ಕಳಿಸಿ ಬಸು ಅವರೇ, ಬರೆದವರ ಹೆಸರು ತೆಗೆದು ಕಳಿಸಿ. ಶನಿವಾರ ಸಂಜೆ ಕೂತು ಮೂರು ಗುಂಪು ಮಾಡಿ ಇಲ್ಲೇ ಹಾಕುತ್ತೇನೆ. ಡೊಂಬಿವಲಿಯವರಿಗೂ ಭಾನುವಾರಕ್ಕೆ ಆಗುತ್ತದೆ. ಪಿಡಿಎಫ್ ಮಾಡುವುದಿಲ್ಲ ಟೆಕ್ಕಿ, ಚಿಂತೆ ಬೇಡ.